ಮಳೆಗಾಲದ ಮನೆಯೂ ಮಡಿಲಿನ ಉಣ್ಣೆಯೂ

ಕಡಲ ತೀರದ ಊರಿನಲ್ಲಿ ಉಣ್ಣೆಯ ಮಾತೆತ್ತಿದರೆ ಘಟ್ಟದ ಮೇಲಿನವರು ನಗುವುದುಂಟು. ವೈಶಾಖದಲ್ಲಿ ಬೀಸಣಿಗೆಯನ್ನು ಕೈಬಿಡಲಾಗದ ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಹೆಣಿಗೆಯ ಕಡ್ಡಿ ಹಿಡಿಯುವವರು ಯಾರು, ಹೆಣೆದುದನ್ನು ತೊಡುವವರು ಯಾರು ಎಂಬುದು ಅವರ ಪ್ರಶ್ನೆ. ಅವರು ಈ ತೀರವನ್ನು ಆಷಾಢದಲ್ಲಿ ಕಂಡವರಲ್ಲವೆಂದು ತೋರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆಯಿದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಂದುಬಿಡುತ್ತದೆ. ಆ ನಾಲ್ಕು ತಿಂಗಳು ಗೋಡೆಗೆ ಬೆವರು, ಹಾಸಿಗೆಗೆ ಮುಗ್ಗಲು. ಬಾಳಂತಿಯ ಕೋಣೆಯಲ್ಲಿ ಕೂಸಿನ ಬಟ್ಟೆಗಳನ್ನು ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಒಣಗಿಸಿದ ಕಾಲವನ್ನು ಕಂಡ ಅಜ್ಜಿಯರು ಇಂದಿಗೂ ಇದ್ದಾರೆ. ಗಾಳಿಯೊಡನೆ ಎರಚಲು ಜಗಲಿಯವರೆಗೆ ನುಗ್ಗುವ ಅಂಥ ದಿನಗಳಲ್ಲಿ, ಹುಟ್ಟಿ ಹತ್ತು ದಿನವಾದ ತಲೆಗೊಂದು ಉಣ್ಣೆಯ ಕುಲಾವಿ ಅಲಂಕಾರವೇನೂ ಅಲ್ಲ.

ಆದರೆ ಕುಲಾವಿಯನ್ನು ಹೆಣೆಯುವುದು ಯಾವಾಗ? ಈ ಸೀಮೆಯ ಗೃಹಿಣಿಗೆ ವರ್ಷದ ಅತ್ಯಂತ ದೊಡ್ಡ ಕೆಲಸ ಮಳೆಗಾಲಕ್ಕೆ ಮನೆಯನ್ನು ಅಣಿಗೊಳಿಸುವುದು. ಏಪ್ರಿಲ್-ಮೇ ತಿಂಗಳ ಬಿಸಿಲು ಅವಳ ಪಾಲಿಗೆ ಸೆಕೆಯಲ್ಲ, ಬಂಡವಾಳ. ಹಲಸಿನ ಹಪ್ಪಳ ಅಂಗಳದ ಚಾಪೆಯ ಮೇಲೆ ಒಣಗಬೇಕು. ಮುರುಗಲ ಸಿಪ್ಪೆ ಒಣಗಬೇಕು. ಮಾವಿನ ಮಿಡಿ ಉಪ್ಪುನೀರು ಸೇರಬೇಕು. ಮೀನು ತಿನ್ನುವ ಮನೆಯಾದರೆ ಒಣಮೀನು ಡಬ್ಬಿ ಸೇರಬೇಕು. ಮೊಗೆಕಾಯಿಗಳನ್ನು ಬಾಳೆಯ ನಾರಿನಲ್ಲಿ ಬಿಗಿದು ಜಂತಿಗೆ ತೂಗುಹಾಕಬೇಕು. ಸೌದೆ ಕೊಟ್ಟಿಗೆಯ ಮಾಡಿನಡಿಗೆ ಬರಬೇಕು, ಒಡೆದ ಹೆಂಚು ಬದಲಾಗಬೇಕು, ಕಂಬಳಿ-ಹಾಸಿಗೆಗಳು ಬಿಸಿಲು ಕಂಡು ಅಟ್ಟ ಏರಬೇಕು. ಅನಿಲದ ಒಲೆಯೂ ಸಿಮೆಂಟಿನ ಮಾಳಿಗೆಯೂ ಬಂದ ಮೇಲೆ ಈ ಪಟ್ಟಿಯಲ್ಲಿ ನಾಲ್ಕಾರು ಬಾಬು ಇಳಿದಿರಬಹುದು. ಪಟ್ಟಿ ಮಾತ್ರ ಇಳಿದಿಲ್ಲ.

ಇದರ ನಡುವೆ ಉಣ್ಣೆಯ ಚೀಲ ಮೂಲೆ ಸೇರುತ್ತದೆ. ‘ಎಲ್ಲ ಕೆಲಸ ಮುಗಿಯಲಿ, ಆಮೇಲೆ ಕುಳಿತು ಹೆಣೆದೇನು’ ಎಂಬುದು ಬಹಳ ಮಂದಿ ಹೆಂಗಸರು ತಮಗೆ ತಾವೇ ಕೊಟ್ಟುಕೊಳ್ಳುವ ವಾಯಿದೆ. ಇದೊಂದು ಮೋಸದ ವಾಯಿದೆ, ಏಕೆಂದರೆ ಮನೆಗೆಲಸಕ್ಕೆ ಕೊನೆಯ ಸಾಲೆಂಬುದಿಲ್ಲ. ಭಾರತ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕೆ ಸಲ್ಲಿಸುತ್ತಾರೆಂದು ಕಂಡುಬಂದಿತು. ಗಂಡಸರು ಸಲ್ಲಿಸುತ್ತಿದ್ದುದು 97 ನಿಮಿಷ. 2024ರ ಸಮೀಕ್ಷೆಯ ವೇಳೆಗೆ ಹೆಂಗಸರ ಲೆಕ್ಕ 289 ನಿಮಿಷಕ್ಕೆ ಇಳಿಯಿತು. ಐದು ವರ್ಷಗಳಲ್ಲಿ ಗಳಿಸಿದ ಹತ್ತು ನಿಮಿಷ! ಹೆಣಿಗೆಯ ಕೈಗೆ ಅಷ್ಟರಲ್ಲಿ ಕುಲಾವಿಯ ಎರಡೋ ಮೂರೋ ಸಾಲು ಮುಗಿದೀತು.

ಸಾಲಿನ ಲೆಕ್ಕವನ್ನೇ ಸ್ವಲ್ಪ ನೋಡಬೇಕು. ಸಣ್ಣ ಎಳೆಯ ಉಣ್ಣೆಗೆ 10ನೇ ನಂಬರಿನ ಕಡ್ಡಿ ಹಿಡಿದು ಎಳೆಗೂಸಿನ ಕುಲಾವಿ ಹೊರಟರೆ ಸುಮಾರು 80 ಕುಣಿಕೆ ಬೇಕಾಗುತ್ತದೆ. (ಹಳೆಯ ಇಂಗ್ಲಿಷ್ ಎಣಿಕೆಯಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳುವು, ಹೊಸಬರು ಎಡವುವುದು ಇಲ್ಲಿಯೇ.) ಪಳಗಿದ ಕೈಗೆ ಒಂದು ಸಾಲಿಗೆ ನಾಲ್ಕು ನಿಮಿಷ. ಅರವತ್ತು ಸಾಲಿಗೆ 240 ನಿಮಿಷ, ಎಂದರೆ ನಾಲ್ಕು ಗಂಟೆ. ನಾಲ್ಕು ಗಂಟೆಯ ಬಿಡುವು ಒಟ್ಟಿಗೆ ಸಿಗುವ ಗೃಹಿಣಿ ಕುಮಟೆಯಲ್ಲಿಯೂ ಇಲ್ಲ, ಕಾಶಿಯಲ್ಲಿಯೂ ಇಲ್ಲ. ಆದರೆ ಅನ್ನ ಬೇಯುವಾಗ, ಹಾಲು ಕಾಯುವಾಗ, ಶಾಲೆಯಿಂದ ಮಕ್ಕಳು ಬರುವ ದಾರಿ ಕಾಯುವಾಗ ದಿನಕ್ಕೆ ಹದಿನೈದು ನಿಮಿಷ ಸಿಕ್ಕರೂ ಹದಿನಾರು ದಿನಗಳಲ್ಲಿ ಕುಲಾವಿ ತಲೆಯೇರುತ್ತದೆ.

ಹೆಣಿಗೆಗೆ ಇರುವ ದೊಡ್ಡ ಗುಣವೇ ಇದು: ಅದು ಕಾಯುತ್ತದೆ. ಎಲ್ಲ ಕೈಗೆಲಸವೂ ಕಾಯುವುದಿಲ್ಲ. ಭಟ್ಕಳದ ಮಲ್ಲಿಗೆಯನ್ನು ನೋಡಿರಿ. ಮೊಗ್ಗು ಅರಳುವ ಮುನ್ನ ಕೊಯ್ದು, ಅರಳುವ ಮುನ್ನವೇ ಬಾಳೆನಾರಿನಲ್ಲಿ ಕಟ್ಟಿ ಪೇಟೆಗೆ ಮುಟ್ಟಿಸಬೇಕು. ಅಲ್ಲಿ ಹೂ ಕಟ್ಟುವ ಹೆಂಗಸಿಗೆ ಗಡಿಯಾರ ಹೂವಿನದೇ ಹೊರತು ಅವಳದಲ್ಲ. ಒಲೆಯ ಮೇಲಿನ ಹಾಲು ಉಕ್ಕಲಿ, ತೊಟ್ಟಿಲ ಮಗು ಅಳಲಿ, ಮೊಗ್ಗು ಕೇಳುವುದಿಲ್ಲ. ಉಣ್ಣೆಯಾದರೋ ಮೂರು ದಿನ ಮೂಲೆಯಲ್ಲಿದ್ದರೂ ಮುನಿಯದು. ಸಾಲನ್ನು ನಡುವೆ ಬಿಡದೆ ಮುಗಿಸಿ ಎದ್ದರೆ ಸಾಕು. ನಡುವೆ ಬಿಟ್ಟರೆ ಕುಣಿಕೆ ಜಾರೀತು, ಮರಳಿ ಬಂದಾಗ ದಿಕ್ಕು ತಪ್ಪೀತು. ಕಡ್ಡಿಯ ತುದಿಗೊಂದು ಬೆಂಡು ಸಿಕ್ಕಿಸಿದರೆ ಮಕ್ಕಳ ಕೈಯಿಂದಲೂ ಕ್ಷೇಮ. ಸಾಲಿನ ಎಣಿಕೆ ಮರೆಯುವವರಿಗೆ ಆಷಾಢದಲ್ಲಿ ಹೇಗೂ ಹೊರಬರುವ ಚೆನ್ನೆಮಣೆಯೇ ಉಂಟು. ಸಾಲಿಗೊಂದರಂತೆ ಹುಣಿಸೆಬೀಜವನ್ನು ಗುಳಿಗೆ ಹಾಕುತ್ತ ಹೋದರೆ ಲೆಕ್ಕ ತಪ್ಪದು. ಆಟವಾಡಲು ಮಕ್ಕಳು ಮಣೆ ಕೇಳಿದ ದಿನ ಮಾತ್ರ ಪಜೀತಿ.

ಹಾಗೆ ನೋಡಿದರೆ ಈ ತೀರದ ಕೈಗಳಿಗೆ ಹೆಣೆಯುವುದು ಹೊಸ ವಿದ್ಯೆಯಲ್ಲ. ತೆಂಗಿನ ಮಡಲನ್ನು ಹೆಣೆದು ಮಳೆಗೆ ತಟ್ಟಿ ಕಟ್ಟಿದ ಕೈ, ಜಡೆ ಹೆಣೆದ ಕೈ, ಉಣ್ಣೆಗೂ ಅದೇ ಮಾತನ್ನು ಬಳಸಿತು. ನೂಲಿನ ನಂಟಂತೂ ಕುಮಟೆಗೆ ಹಳೆಯದು. ಹತ್ತಿ ಬೆಳೆಯದ ಈ ಊರಿನ ಹೆಸರು ಒಂದು ಹತ್ತಿಗೇ ಇತ್ತು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಎಂದೇ ಹೆಸರಾಯಿತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಈ ವ್ಯಾಪಾರ ಉಬ್ಬಿತು. 1880ರ ದಶಕದಲ್ಲಿ ಮರ್ಮಗೋವಾಕ್ಕೆ ರೈಲು ಹರಿದ ಮೇಲೆ ಇಳಿಯಿತು. ಬಂದರು ಕೈಬಿಟ್ಟರೂ ಹೆಸರು ಕೃಷಿಶಾಸ್ತ್ರದ ಪುಸ್ತಕಗಳಲ್ಲಿ ಉಳಿದಿದೆ.

ಇಷ್ಟಿದ್ದರೂ ಮನೆಯಲ್ಲಿ ಹೆಣಿಗೆಗೆ ಸಿಗುವ ಹೆಸರು ‘ಹೊತ್ತು ಕಳೆಯುವುದು’ ಎಂದು. ಸೌದೆ ಒಟ್ಟಿದರೆ ಕೆಲಸ, ಹಪ್ಪಳ ಒತ್ತಿದರೆ ಕೆಲಸ, ಕುಲಾವಿ ಹೆಣೆದರೆ ಕಾಲಹರಣ! ಒಂದು ಬಾರಿ ಮಾತ್ರ ದೇಶವೇ ಈ ಲೆಕ್ಕವನ್ನು ತಿದ್ದಿತು. 1962ರ ಚಳಿಗಾಲದಲ್ಲಿ ಹಿಮಾಲಯದ ಗಡಿಯಲ್ಲಿ ಯುದ್ಧ ನಡೆದಾಗ ದೇಶದ ಉದ್ದಗಲಕ್ಕೂ ಹೆಂಗಸರು ಜವಾನರಿಗಾಗಿ ಸ್ವೆಟರುಗಳನ್ನು ಹೆಣೆದು ಕಳುಹಿಸಿದರು. ಆಗ ಕಡ್ಡಿ ಹಿಡಿದು ಕುಳಿತವಳನ್ನು ‘ಏನೂ ಕೆಲಸವಿಲ್ಲವೆ?’ ಎಂದು ಕೇಳುವ ಧೈರ್ಯ ಯಾರಿಗೂ ಇದ್ದಿರಲಾರದು. ಯುದ್ಧ ಮುಗಿಯಿತು, ಪ್ರಶ್ನೆ ಮರಳಿ ಬಂತು.

ಹೊನ್ನಾವರದ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಶ್ರಾವಣಕ್ಕೆ ದಿನ ತುಂಬುತ್ತದೆ. ತಾಯಿ ಅಕ್ಷಯ ತೃತೀಯೆಯಂದೇ ಉಣ್ಣೆ ತಂದು ಹತ್ತು ಸಾಲು ಹೆಣೆದವಳು, ಹಪ್ಪಳದ ಗಡಿಬಿಡಿಯಲ್ಲಿ ಮರೆತಿದ್ದಾಳೆ. ಮೃಗಶಿರಾ ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಮಗಳು ಕೇಳುತ್ತಾಳೆ:

“ಆಯೀ, ಟೊಪ್ಪಿ ಎಷ್ಟು ಸಾಲಾಯಿತು?”

“ನಾಗಂದಿಗೆ ಒರೆಸಿ ಮುಗಿಯಲಿ ತಂಗೀ, ಆಮೇಲೆ.”

“ನಾಗಂದಿಗೆಯನ್ನು ಮಗು ತಲೆಗೆ ಹಾಕಿಕೊಳ್ಳುತ್ತದೆಯೇ?”

ಮಗಳ ಮಾತಿನಲ್ಲಿ ನ್ಯಾಯವಿದೆ. ನಾಗಂದಿಗೆಯ ಧೂಳು ಒಂದು ವಾರ ತಡೆದೀತು, ಬರುವ ಮಗು ತಡೆಯಲಾರದು. ಮನೆಯನ್ನು ಓರಣಗೊಳಿಸುವಾಗ ಉಣ್ಣೆಯ ಬುಟ್ಟಿಗೂ ಒಂದು ಜಾಗವನ್ನು, ಅದೂ ಅಟ್ಟದ ಮೇಲಲ್ಲ, ಅಡಿಗೆಮನೆಯ ಬಾಗಿಲ ಬಳಿ ಕೈಗೆಟಕುವಂತೆ ಗೊತ್ತುಮಾಡಿದ ಗೃಹಿಣಿಯ ಕುಲಾವಿ ಮುಗಿಯುತ್ತದೆ. ಒಂದು ಹೊತ್ತಿಗೆ ಒಂದೇ ಹೆಣಿಗೆ ಇಟ್ಟುಕೊಳ್ಳುವುದೂ ಕ್ಷೇಮ. ಅರ್ಧ ಸ್ವೆಟರು, ಕಾಲು ಶಾಲು, ಒಂಟಿ ಕಾಲುಚೀಲಗಳನ್ನು ಹೊತ್ತ ಚೀಲ ಪ್ರತಿ ವರ್ಷ ಅಟ್ಟ ಹತ್ತಿ ಇಳಿಯುವುದನ್ನು ಕಾಣದ ಮನೆ ವಿರಳ. ಅಳತೆ ಕೊಟ್ಟ ಹುಡುಗ ಅಷ್ಟರಲ್ಲಿ ಪ್ಯಾಂಟು ತೊಡುವಷ್ಟು ಬೆಳೆದಿರುತ್ತಾನೆ.

ಕರಾವಳಿಯ ಥಂಡಿಯಲ್ಲಿ ಉಣ್ಣೆಯನ್ನು ಕಾಪಾಡುವುದೂ ಒಂದು ಕೆಲಸವೇ. ಉಣ್ಣೆ ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ನೀರಿನಂಶವನ್ನು ಹೀರಿಯೂ ಕೈಗೆ ಒದ್ದೆಯೆನಿಸದು. ಒಣಗಿದೆಯೆಂದು ನಂಬಿ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಮುಗ್ಗಲು ಹಿಡಿಯುತ್ತದೆ. ನುಸಿಯ ಹುಳುವಿಗಂತೂ ಅದು ಹಬ್ಬದೂಟ. ಲಾವಂಚದ ಬೇರನ್ನೋ ಒಣ ಬೇವಿನೆಲೆಯನ್ನೋ ಇಟ್ಟು ಬಿಗಿಯಾಗಿ ಮುಚ್ಚಿಡುವುದು ಹಿರಿಯರ ಕ್ರಮ. ಬಿಸಿಲು ಬಿದ್ದ ದಿನ ಕೊಡವಿ ಹರಡುವುದು ಅದಕ್ಕಿಂತ ನೆಚ್ಚಬಹುದಾದ ಕ್ರಮ. ಪೇಟೆಯಲ್ಲಿ ಈಗ ‘ಉಲ್ಲನ್’ ಎಂದೇ ಮಾರುವ ಅಕ್ರಿಲಿಕ್ ದಾರಕ್ಕೆ ನುಸಿಯ ಭಯವಿಲ್ಲ, ಆದರೆ ನಿಜವಾದ ಉಣ್ಣೆಯ ಬಿಸಿಯೂ ಅದಕ್ಕಿಲ್ಲ. ಉಕ್ಕಿನ ಕಡ್ಡಿಗಳಿಗೆ ತುಕ್ಕು ಹಿಡಿದರೆ ಬಿಳಿಯ ಕುಲಾವಿಯ ಮೇಲೆ ಕಂದು ಗೆರೆ ಬೀಳುತ್ತದೆ. ಆದ್ದರಿಂದ ಇಲ್ಲಿ ಅಲ್ಯುಮಿನಿಯಂ ಅಥವಾ ಬಿದಿರಿನ ಕಡ್ಡಿಯೇ ಲೇಸು.

ಹಳೆಯ ಸ್ವೆಟರನ್ನು ಬಿಚ್ಚಿ ಹೊಸತು ಹೆಣೆಯುವವರು ಬಿಚ್ಚುವುದನ್ನು ಹಪ್ಪಳದ ಬಿಸಿಲಿನಲ್ಲಿಯೇ ಮುಗಿಸಬೇಕು. ಬಿಚ್ಚಿದ ಎಳೆ ಗುಂಗುರು ಕೂದಲಿನಂತೆ ಸುರುಳಿಯಾಗಿರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ತೊಳೆದು, ಕೆಳಗೊಂದು ಹಗುರವಾದ ಭಾರ ಕಟ್ಟಿ ತೂಗಿಬಿಟ್ಟರೆ ಒಣಗುತ್ತ ನೆಟ್ಟಗಾಗುತ್ತದೆ. ಜೂನ್ ದಾಟಿದರೆ ಲಡಿ ವಾರವಾದರೂ ಒಣಗದೆ ಕೊನೆಗೆ ಒಲೆಯ ಮೇಲಿನ ಹಗ್ಗವನ್ನೇ ಸೇರಬೇಕು. ಹೊಗೆಯ ವಾಸನೆ ಹತ್ತಿದ ಕುಲಾವಿಯನ್ನು ಮಗುವೇನೂ ಬೇಡವೆನ್ನುವುದಿಲ್ಲ. ತೊಟ್ಟಿಲು ನೋಡಲು ಬಂದ ಬೀಗಿತ್ತಿ ಮೂಗು ಮುರಿದಾಳು, ಅಷ್ಟೆ.