ಗೋಡೆ ತುಂಬಾ ಕೆಂಪು ಗುಲಾಬಿ

‘ನಮ್ಮ ಮಳೆಗೆ ಗುಲಾಬಿ ಎಲ್ಲಿ ಉಳಿಯುತ್ತೆ?’ ಅಂತ ಪುತ್ತೂರು, ಸುಳ್ಯ, ಕಡಬದ ಕಡೆ ಕೈಚೆಲ್ಲುವ ಗೃಹಿಣಿಯರೇ ಹೆಚ್ಚು. ನಿಜ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಬುಡ ಕೊಳೆಯುತ್ತದೆ, ಎಲೆಗೆ ಕಪ್ಪುಚುಕ್ಕೆ ಬರುತ್ತದೆ. ಆದರೂ ಬಳ್ಳಿಯಂತೆ ಹಬ್ಬುವ ಕೆಂಪು ಗುಲಾಬಿಯನ್ನು ಉಳಿಸಿಕೊಳ್ಳಬಹುದು. ಕಾಂಪೌಂಡ್ ಗೋಡೆ ಬದಿಯಲ್ಲಿ 2 ಅಡಿ ಜಾಗ, ದಿನಕ್ಕೆ 6 ಗಂಟೆ ಬಿಸಿಲು ಇದ್ದರಾಯಿತು.

ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್ ಕೊನೆಗೆ ನೆಡಿ. ನರ್ಸರಿಯಲ್ಲಿ ‘ಹಬ್ಬುವ ಜಾತಿ’ ಎಂದೇ ಕೇಳಿ ಕಸಿ ಗಿಡ ತನ್ನಿ. ಮುರಕಲ್ಲು ಕಡಿದ ಗುಂಡಿಯಲ್ಲಿ ನೀರು ನಿಲ್ಲಬಹುದು. ಹಾಗಾಗಿ ಸುಡುಮಣ್ಣು, ಹಟ್ಟಿಗೊಬ್ಬರ, ಮರಳು ಬೆರೆಸಿ ತುಂಬಿ, ಬುಡವನ್ನು ದಿಬ್ಬದಂತೆ ಎತ್ತರಿಸಿ.

ಕಾಳುಮೆಣಸಿನ ಬಳ್ಳಿಯ ಹಾಗೆ ಇದು ತಾನೇ ಅಂಟಿಕೊಂಡು ಹತ್ತುವುದಿಲ್ಲ. ಗೋಡೆಗೆ ತಂತಿ ಎಳೆದು, ಹಳೇ ಸೀರೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ರೆಂಬೆ ನೆಟ್ಟಗೆ ಹೋದರೆ ತುದಿಯಲ್ಲಷ್ಟೇ ಹೂ. ಅಡ್ಡಕ್ಕೆ ಬಾಗಿಸಿ ಕಟ್ಟಿದರೆ ಉದ್ದಕ್ಕೂ ಚಿಗುರೊಡೆದು ಹೂ ಬಿಡುತ್ತದೆ.

ಅಡಿಕೆಗೆ ಕೊಳೆರೋಗ ಇದ್ದಂತೆ ಗುಲಾಬಿಗೆ ಕಪ್ಪುಚುಕ್ಕೆ. ಚುಕ್ಕೆ ಬಿದ್ದ ಎಲೆಗಳನ್ನು ಆಗಾಗ ಕಿತ್ತು ದೂರ ಹಾಕಿ. ನೀರು ಬುಡಕ್ಕಷ್ಟೇ ಹಾಕಿ. ತೋಟಕ್ಕೆ ಮಾಡಿದ ಬೋರ್ಡೋ ದ್ರಾವಣ ಉಳಿದಿದೆ ಅಂತ ಎಳೆ ಚಿಗುರಿಗೆ ಹೊಡೆಯಬೇಡಿ, ಸುಟ್ಟೀತು.

ಮೊದಲೆರಡು ವರ್ಷ ಮುಖ್ಯ ರೆಂಬೆಗಳಿಗೆ ಕತ್ತರಿ ಬೇಡ. ಆಮೇಲೆ ಪ್ರತಿ ಅಕ್ಟೋಬರ್‌ನಲ್ಲಿ ಹೂ ಬಿಟ್ಟ ಅಡ್ಡಗೆಲ್ಲುಗಳನ್ನು 2-3 ಕಣ್ಣು ಉಳಿಸಿ ಕತ್ತರಿಸಿ. ಕಸಿಯ ಕೆಳಗೆ ಬರುವ ಚಿಗುರನ್ನು ಕೂಡಲೇ ತೆಗೆಯಿರಿ. ಬಿಟ್ಟರೆ ಕಾಡು ಗಿಡವೇ ಬೆಳೆದು ಕೆಂಪು ಹೂ ಕಾಣೆಯಾಗುತ್ತದೆ.

ಮೊದಲ ವರ್ಷ ಹೂ ಕಡಿಮೆ ಅಂತ ಬೇಸರಿಸಿ ಕಿತ್ತೆಸೆಯಬೇಡಿ. ಆಗ ಗಿಡ ಬೇರಿಳಿಸುತ್ತಿರುತ್ತದೆ. ಗೋಡೆ ತುಂಬಲು ಎರಡು ಮಳೆಗಾಲವಾದರೂ ದಾಟಬೇಕಲ್ಲವೇ?