ಗಾಳಿಯ ದಾರಿ, ಗರುಡನ ದಾರಿ

ಸ್ಮರಣ ಸಂಚಿಕೆಗೆ ಒಂದು ವಿಜ್ಞಾನ ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ಕೊಂಚ ಹಿಂಜರಿದೆ. ಕನ್ನಡದಲ್ಲಿಯೇ ಓದಿ, ಕನ್ನಡದಲ್ಲಿಯೇ ಪಾಠ ಹೇಳಿ ನಿವೃತ್ತನಾದವನು ನಾನು, ವಿಜ್ಞಾನಿಯಲ್ಲ. ಆದರೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಗಾಳಿ ವಿದ್ಯುತ್ತಿನ ಕೆಲಸದಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ ಅವನು ನನ್ನನ್ನು ಚಿತ್ರದುರ್ಗದ ಬೆಟ್ಟಸಾಲಿಗೆ ಕರೆದೊಯ್ದನು. ಅಲ್ಲಿ ಹುಟ್ಟಿದ ಒಂದು ಪ್ರಶ್ನೆಯ ಬೆನ್ನು ಹತ್ತಿ ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಪಾಲಕೋಡಿನವರಿಗೆ ಗಾಳಿ ಅಪರಿಚಿತವಲ್ಲ. ಆಷಾಢ ಬಂದಿತೆಂದರೆ, ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂಬ ಗಾದೆಯನ್ನು ನಮ್ಮ ತಮಿಳು ನೆರೆಹೊರೆಯವರು ನೆನೆಯುತ್ತಾರೆ. ಈ ಗಾಳಿಯಿಂದ ವಿದ್ಯುತ್ತು ತೆಗೆಯುವ ಮೊದಲ ಸಾಮೂಹಿಕ ಪ್ರಯತ್ನಗಳು ನಮ್ಮ ದೇಶದಲ್ಲಿ 1986ರಲ್ಲಿ ತಮಿಳುನಾಡು, ಗುಜರಾತು, ಮಹಾರಾಷ್ಟ್ರಗಳ ಕರಾವಳಿಯಲ್ಲಿ ನಡೆದವು. ಆಮೇಲೆ ಯಂತ್ರಗಳು ಬೆಟ್ಟವನ್ನೇರಿದವು. ಇದಕ್ಕೆ ಕಾರಣವನ್ನು ಏಳನೆಯ ತರಗತಿಯ ಹುಡುಗನೂ ಲೆಕ್ಕ ಮಾಡಬಲ್ಲನು. ಗಾಳಿಯ ವೇಗ ಎರಡು ಪಟ್ಟಾದರೆ ಅದರಿಂದ ದೊರೆಯುವ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ಇಳಿಜಾರಿಗೆ ತಾಗಿದ ಗಾಳಿಯು ಮೇಲಕ್ಕೇರಿ, ಬೆಟ್ಟದ ನೆತ್ತಿಯಲ್ಲಿ ಒತ್ತರಿಸಿಕೊಂಡು ವೇಗವಾಗಿ ಸಾಗುತ್ತದೆ. ಎಂಜಿನಿಯರನಿಗೆ ಬೇಕಾದುದು ಆ ನೆತ್ತಿಯೇ.

ತೊಡಕು ಇರುವುದೂ ಅಲ್ಲಿಯೇ. ಹದ್ದು, ಗಿಡುಗ, ಡೇಗೆ ಮೊದಲಾದ ಬೇಟೆ ಹಕ್ಕಿಗಳು ರೆಕ್ಕೆ ಬಡಿಯದೆ ಗಂಟೆಗಟ್ಟಲೆ ತೇಲುವುದು ಇದೇ ಏರುಗಾಳಿಯ ಬಲದಿಂದ. ನಾವು ಕಂಬ ನೆಡುವುದು ಅವುಗಳ ಹೆದ್ದಾರಿಯ ನಡುವೆ. ದೂರದಿಂದ ನೋಡಿದರೆ ಅಲಗುಗಳು ಸೋಮಾರಿಯಾಗಿ ತಿರುಗುವಂತೆ ತೋರುತ್ತವೆ. ಆದರೆ ನಲವತ್ತು ಮೀಟರು ಉದ್ದದ ಅಲಗು ನಿಮಿಷಕ್ಕೆ ಹದಿನೈದು ಸುತ್ತು ಸುತ್ತಿದರೆ, ಅದರ ತುದಿಯ ವೇಗ ಗಂಟೆಗೆ ಸುಮಾರು 225 ಕಿಲೋಮೀಟರು! ನೆಲದ ಮೇಲಿನ ಇಲಿಯನ್ನೋ ಓತಿಯನ್ನೋ ನೋಡುತ್ತ ಬರುವ ಹಕ್ಕಿಗೆ ಎದುರಿನ ಅಲಗು ಕಾಣುವುದೇ ಇಲ್ಲ.

ಹೀಗೆ ಸಾಯುವ ಹಕ್ಕಿಗಳೆಷ್ಟು? ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದವರು ಗುಜರಾತಿನ ಕಚ್ಛದಲ್ಲಿಯೂ ಅಂದಿನ ದಾವಣಗೆರೆ ಜಿಲ್ಲೆಯಲ್ಲಿಯೂ ಯಂತ್ರಗಳ ಬುಡದಲ್ಲಿ ಹುಡುಕಿ ಲೆಕ್ಕವಿಟ್ಟರು. ಒಂದು ಯಂತ್ರಕ್ಕೆ ವರ್ಷಕ್ಕೆ ಸರಾಸರಿ ಅರ್ಧ ಹಕ್ಕಿಯಷ್ಟು ಬಂದಿತು. ಇಷ್ಟೇ ತಾನೆ ಎನ್ನಬಹುದು. ನಾನೂ ಮೊದಲು ಹಾಗೆಯೇ ಎಂದುಕೊಂಡೆ. ಆದರೆ ವರ್ಷಕ್ಕೆ ಒಂದೆರಡು ಮೊಟ್ಟೆಯಿಡುವ ಹದ್ದಿನ ಕುಲಕ್ಕೆ ಒಂದು ಸಾವು ಗುಬ್ಬಿಯ ಕುಲದ ಒಂದು ಸಾವಿನಂತಲ್ಲ.

ಸಾವಿನ ಲೆಕ್ಕಕ್ಕೆ ಸಿಗದ ನಷ್ಟವೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆಸಿದ ಅಧ್ಯಯನವು 2018ರಲ್ಲಿ ಪ್ರಕಟವಾಯಿತು. ಯಂತ್ರಗಳಿರುವ ಕಡೆ ಬೇಟೆ ಹಕ್ಕಿಗಳು ಯಂತ್ರಗಳಿಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಅವು ಸತ್ತದ್ದಕ್ಕಿಂತ ಹೆಚ್ಚಾಗಿ ಆ ಜಾಗವನ್ನೇ ಬಿಟ್ಟುಹೋಗಿದ್ದವು. ಹಕ್ಕಿಯ ಭಯ ತಪ್ಪಿದ್ದರಿಂದ ಬೀಸಣಿಗೆಯಂತಹ ಗಂಟಲುಳ್ಳ ಅಲ್ಲಿನ ಓತಿಗಳು ಹೆಚ್ಚಿದವು. ಹೆಚ್ಚಿದ ಓತಿಗಳು ಆಹಾರ ಸಾಲದೆ ಬಡಕಲಾದವು. ಗಂಡು ಓತಿಗಳ ಗಂಟಲಿನ ಬಣ್ಣವೂ ಮಂಕಾಯಿತು. ಮನುಷ್ಯ ತೀರ ಹತ್ತಿರ ಬಂದರೂ ಓಡುವುದನ್ನು ಮರೆತವು. ಮೇಲೆ ಒಂದು ಕೊಂಡಿ ಕಳಚಿದರೆ ಕೆಳಗೆ ಎಲ್ಲೆಲ್ಲಿಯವರೆಗೆ ಸಡಿಲವಾಗುತ್ತದೆ ನೋಡಿ.

ಪರಿಹಾರವಿಲ್ಲವೆ? ನಾರ್ವೆ ದೇಶದ ಸ್ಮೋಲಾ ಎಂಬ ಗಾಳಿಯ ದ್ವೀಪದಲ್ಲಿ 2002 ಮತ್ತು 2005ರಲ್ಲಿ 68 ಯಂತ್ರಗಳನ್ನು ನಿಲ್ಲಿಸಿದರು. ಅದು ಬಿಳಿಬಾಲದ ಕಡಲಹದ್ದುಗಳ ತವರು, ಹದ್ದುಗಳು ಸಾಯತೊಡಗಿದವು. ತಿರುಗುವಾಗ ಮೂರು ಬಿಳಿ ಅಲಗುಗಳೂ ಕಲಸಿಹೋಗಿ ಕಾಣದಾಗುವುದರಿಂದ, 2013ರಲ್ಲಿ ನಾಲ್ಕು ಯಂತ್ರಗಳ ಒಂದೊಂದು ಅಲಗಿಗೆ ಮಾತ್ರ ಕಪ್ಪು ಬಣ್ಣ ಬಳಿದರು. ಹಕ್ಕಿಗಳ ಸಾವು ನೂರಕ್ಕೆ ಎಪ್ಪತ್ತರಷ್ಟು ತಗ್ಗಿತೆಂದು 2020ರಲ್ಲಿ ವರದಿಯಾಯಿತು. ನಾಲ್ಕೇ ಯಂತ್ರಗಳ ಪ್ರಯೋಗವಾದುದರಿಂದ ಪೂರ್ತಿ ನಂಬುವಂತಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಕಂಬ ನೆಟ್ಟ ಮೇಲೆ ಬಣ್ಣ ಬಳಿಯುವುದಕ್ಕಿಂತ ಎಲ್ಲಿ ನೆಡಬಾರದೆಂದು ಮೊದಲೇ ಅರಿಯುವುದು ಲೇಸು.

ಆದರೆ ನಮ್ಮಲ್ಲಿ ಅರಿಯುವ ಏರ್ಪಾಡು ಸಾಲದು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಯೋಜನೆಗಳು ಸೇರಿಲ್ಲ. ಅರಣ್ಯಭೂಮಿಯಾದರೆ 1980ರ ಕಾಯಿದೆಯಂತೆ ಅನುಮತಿ ಬೇಕು. ಹೊಲ, ಹುಲ್ಲುಗಾವಲುಗಳಾದರೆ ಅದೂ ಇಲ್ಲ. ತೋಳ, ಕತ್ತೆಕಿರುಬ, ಕೊಂಡುಕುರಿಗಳು ಬಾಳುವ ಗದಗಿನ ಕಪ್ಪತಗುಡ್ಡದ ಸೀಮೆಯಲ್ಲಿಯೂ ಯಂತ್ರಗಳು ಮೊದಲು ಬಂದವು. ಅದು ವನ್ಯಜೀವಿ ಧಾಮವಾದದ್ದು 2019ರಲ್ಲಿ.

ಗಾಳಿಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಮೇಟ್ಟೂರಿನಲ್ಲಿ ಕಲ್ಲಿದ್ದಲು ಸುಟ್ಟು ವಿದ್ಯುತ್ತು ತೆಗೆಯುವುದನ್ನು ಬಲ್ಲವರು ಹಾಗೆ ಹೇಳಲಾರರು. ನಮ್ಮ ಸೀಮೆಯ ಬೆಟ್ಟಗಾಡುಗಳಲ್ಲಿ ಆನೆಗಳಿವೆ, ಹದ್ದುಗಳಿವೆ. 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿ ಧಾಮವೂ ಘೋಷಣೆಯಾಗಿದೆ. ಅದರ ಗಡಿಯಾಚೆಯ ಯಾವುದಾದರೂ ಬೋಳುಗುಡ್ಡಕ್ಕೆ ಗಾಳಿ ಅಳೆಯುವವರು ಬಂದರೆ ಊರವರು ಕೇಳಬೇಕಾದುದು ಇಷ್ಟು: ಮಳೆಗಾಲ, ಚಳಿಗಾಲ, ಬೇಸಗೆ ಮೂರರಲ್ಲಿಯೂ ಇಲ್ಲಿ ಯಾವ ಹಕ್ಕಿ ಯಾವ ಎತ್ತರದಲ್ಲಿ ಹಾರುತ್ತದೆಂದು ಒಂದು ವರ್ಷ ನೋಡಿ ಬರೆದಿದ್ದೀರಾ? ವಿದ್ಯುತ್ ತಂತಿ ಯಾವ ದಾರಿಯಲ್ಲಿ ಹೋಗುತ್ತದೆ?

ಚಿತ್ರದುರ್ಗದ ಆ ಬೆಟ್ಟದ ಮೇಲೆ ನಾನು ನನ್ನ ವಿದ್ಯಾರ್ಥಿಯನ್ನು ಕೇಳಿದ್ದೂ ಇದನ್ನೇ. ಆಗ ಒಂದು ಹದ್ದು ಎರಡು ಯಂತ್ರಗಳ ನಡುವಿನಿಂದ ತೇಲಿ ಹೋಗುತ್ತಿತ್ತು. ಅವನು ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಾಳಿಯನ್ನು ವರ್ಷಗಟ್ಟಲೆ ಅಳೆದಿದ್ದೆವು ಸಾರ್, ಹಕ್ಕಿಗಳನ್ನು ಎಣಿಸಿರಲಿಲ್ಲ” ಎಂದನು.