ಕಾಯಿಲೆ ಎರಡಿರಲಿ, ಮೂರಿರಲಿ. ಲೆಕ್ಕ ಇಡುವ ವೈದ್ಯರು ಒಬ್ಬರೇ ಇರಲಿ

ಜ್ವರ, ನೆಗಡಿ ಬಂದರೆ ವಾರದಲ್ಲಿ ವಾಸಿಯಾಗುತ್ತವೆ. ಆದರೆ ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ, ದಮ್ಮು ಹಾಗಲ್ಲ. ಒಮ್ಮೆ ಬಂದರೆ ಬಹುತೇಕ ಜೀವನಪೂರ್ತಿ ಜೊತೆಗಿರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಬಿ.ಪಿ. ಇದೆ. ಒಬ್ಬರಿಗೇ ಎರಡು ಮೂರು ಕಾಯಿಲೆ ಇರುವುದೂ ಈಗ ಸಾಮಾನ್ಯ. ಇಂಥವರಿಗೆ ಒಳ್ಳೆಯ ಔಷಧಿ ಇದ್ದರಷ್ಟೇ ಸಾಲದು. ಎಲ್ಲ ಔಷಧಿಗಳನ್ನೂ ಒಟ್ಟಿಗೆ ನೋಡುವ ಒಬ್ಬ ವೈದ್ಯರು ಬೇಕು.

ತೊಂದರೆ ಎಲ್ಲಿ ಆಗುತ್ತದೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಾನಗಲ್ಲ ತಾಲೂಕಿನ ಒಂದು ಹಳ್ಳಿಯ 62 ವರ್ಷದ ತಾಯಿ ಎಂದಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆಗೆ ಊರ ಹತ್ತಿರದ ಡಾಕ್ಟರ ಗುಳಿಗೆ. ಹುಬ್ಬಳ್ಳಿಯ ಮಗಳ ಮನೆಗೆ ಹೋದಾಗ ಬಿ.ಪಿ. ಇದೆಯೆಂದು ತಿಳಿದು ಅಲ್ಲಿ ಆಮ್ಲೋಡಿಪಿನ್ ಗುಳಿಗೆ ಶುರುವಾಯಿತು. ಕೆಲವರಿಗೆ ಈ ಗುಳಿಗೆಯಿಂದ ಪಾದ ಊದುತ್ತವೆ. ಇವರಿಗೂ ಊದಿದವು. ಅದನ್ನು ಬೇರೆ ಕಾಯಿಲೆ ಎಂದು ತಿಳಿದು ಮೂರನೆಯ ವೈದ್ಯರಲ್ಲಿಗೆ ಹೋದರು. ಅಲ್ಲಿ ಮೂತ್ರ ಹೆಚ್ಚು ಹೋಗುವ ಗುಳಿಗೆ ಕೊಟ್ಟರು. ಕಳೆ ತೆಗೆಯುವಾಗ ಮೊಣಕಾಲು ನೋಯುತ್ತದೆಂದು ಔಷಧಿ ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಾ ನುಂಗತೊಡಗಿದರು.

“ಏನೇನು ಗುಳಿಗೆ ತಗೋತೀರಿ, ತಾಯಿ?” ಎಂದು ಕೇಳಿದರೆ “ಒಂದು ಬಿಳೀದು, ಒಂದು ಗುಲಾಬಿ ಬಣ್ಣದ್ದು ಐತ್ರಿ” ಎನ್ನುತ್ತಾರೆ. ನೋವಿನ ಗುಳಿಗೆಯ ಮಾತು ಬರುವುದೇ ಇಲ್ಲ.

ಇಲ್ಲಿ ಒಬ್ಬೊಬ್ಬ ವೈದ್ಯರೂ ತಮಗೆ ಗೊತ್ತಿದ್ದಷ್ಟರಲ್ಲಿ ಸರಿಯಾದ ಔಷಧಿಯನ್ನೇ ಬರೆದಿರಬಹುದು. ಆದರೆ ಎಲ್ಲವನ್ನೂ ಒಟ್ಟಿಗೆ ನೋಡಿದವರು ಯಾರೂ ಇಲ್ಲ. ನೋವಿನ ಗುಳಿಗೆ, ಮೂತ್ರದ ಗುಳಿಗೆ ಜೊತೆಯಾದರೆ, ಸಕ್ಕರೆ ಕಾಯಿಲೆಯಿಂದ ಮೊದಲೇ ದಣಿದ ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತದೆ. ಮೂತ್ರಪಿಂಡ ಹಾಳಾಗುವಾಗ ಮೊದಲಿಗೆ ನೋವಿರುವುದಿಲ್ಲ, ಗೊತ್ತಾಗುವುದೂ ಇಲ್ಲ. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಒಂದೇ ಔಷಧಿ ಎರಡು ಕಂಪನಿಗಳ ಹೆಸರಿನಲ್ಲಿ ಎರಡು ಚೀಟಿಗಳಲ್ಲಿ ಬಂದು, ಎರಡನ್ನೂ ನುಂಗಿ ಸಕ್ಕರೆ ಅತಿಯಾಗಿ ಇಳಿಯುವುದೂ ಉಂಟು.

ಕುಟುಂಬ ವೈದ್ಯರು ಯಾರಾಗಬಹುದು?

ದೊಡ್ಡ ತಜ್ಞರೇ ಆಗಬೇಕಿಲ್ಲ. ನಿಮ್ಮ ಊರ ಹತ್ತಿರದ ಎಂ.ಬಿ.ಬಿ.ಎಸ್. ವೈದ್ಯರು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಇಲ್ಲವೇ ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲೂಕಾ ಆಸ್ಪತ್ರೆಯ ವೈದ್ಯರು ಆಗಬಹುದು. ನಮ್ಮ ಆಸ್ಪತ್ರೆಯವರೇ ಆಗಬೇಕೆಂದಿಲ್ಲ. ಹೃದಯ, ಕಣ್ಣು, ಮೂತ್ರಪಿಂಡದ ತಜ್ಞರಲ್ಲಿಗೆ ಹೋಗುವುದನ್ನು ಬಿಡಬೇಕಾಗಿಲ್ಲ. ಅವರು ಬರೆದುಕೊಟ್ಟ ಚೀಟಿ ಮಾತ್ರ ಕುಟುಂಬ ವೈದ್ಯರ ಕಣ್ಣಿಗೆ ಬೀಳಬೇಕು.

ನೀವು ಮಾಡಬೇಕಾದದ್ದು

1. ಮೊದಲ ಭೇಟಿಗೆ ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಬನ್ನಿ. ನೋವಿನ ಗುಳಿಗೆ, ನಾಟಿ ಔಷಧಿ, ಚೂರ್ಣ, ಕಣ್ಣಿನ ಹನಿ ಎಲ್ಲವೂ ಇರಲಿ. ಬೈಯುತ್ತಾರೆಂದು ಮುಚ್ಚಿಡಬೇಡಿ.

2. ಒಂದು ಫೈಲು ಮಾಡಿ. ಚೀಟಿ, ರಕ್ತಪರೀಕ್ಷೆ, ಇ.ಸಿ.ಜಿ., ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಯಾವ ಆಸ್ಪತ್ರೆಗೆ ಹೋದರೂ ಅದೇ ಫೈಲು ಒಯ್ಯಿರಿ.

3. ಈಗ ತೆಗೆದುಕೊಳ್ಳುವ ಔಷಧಿಗಳ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ವೈದ್ಯರಿಂದ ಬರೆಸಿಕೊಳ್ಳಿ. ನಿಲ್ಲಿಸಿದ ಔಷಧಿಯನ್ನು ಅದರಲ್ಲಿ ಹೊಡೆದು ಹಾಕಿಸಿ.

4. ಹೊಸ ತೊಂದರೆ ಬಂದರೆ, “ಇದು ಈಗಿನ ಗುಳಿಗೆಯಿಂದ ಬಂದಿರಬಹುದೇ?” ಎಂದು ಕೇಳಿ. ರಾಮಿಪ್ರಿಲ್, ಎನಲಾಪ್ರಿಲ್‌ನಂಥ ಬಿ.ಪಿ. ಗುಳಿಗೆಗಳಿಂದ ಕೆಲವರಿಗೆ ಒಣ ಕೆಮ್ಮು ಬರುತ್ತದೆ. ಅದಕ್ಕೆ ಕೆಮ್ಮಿನ ಔಷಧಿ ಕುಡಿದು ಪ್ರಯೋಜನವಿಲ್ಲ. ಹಾಗೆಂದು ಗುಳಿಗೆಯನ್ನು ನೀವಾಗಿ ನಿಲ್ಲಿಸಲೂ ಬೇಡಿ.

5. ಸೋಮವಾರದ ಒಪ್ಪತ್ತು, ಶಿವರಾತ್ರಿಯ ಉಪವಾಸ, ರಂಜಾನ್ ರೋಜಾ ಹಿಡಿಯುವ ಸಕ್ಕರೆ ಕಾಯಿಲೆಯವರು ಮೊದಲೇ ವೈದ್ಯರನ್ನು ಕೇಳಿ. ಊಟ ಬಿಟ್ಟು ಗುಳಿಗೆ ನುಂಗಿದರೆ ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆತನ್ನಿ.

ವರ್ಷದ ಯೋಜನೆ

ನೋವಿಲ್ಲವೆಂದು ತಪಾಸಣೆ ಬಿಡಬಾರದು. ತಾರೀಖು ನೆನಪಿರದಿದ್ದರೆ ಹಬ್ಬಗಳನ್ನು ಗುರುತಿಟ್ಟುಕೊಳ್ಳಿ: ಯುಗಾದಿ, ಕಾರಹುಣ್ಣಿಮೆ, ದಸರಾ, ಸಂಕ್ರಾಂತಿ. ಇವು ಸುಮಾರು ಮೂರು ಮೂರು ತಿಂಗಳಿಗೆ ಬರುತ್ತವೆ.

ಪ್ರತಿ ಭೇಟಿಯಲ್ಲಿ: ಬಿ.ಪಿ., ತೂಕ, ಪಾದಗಳ ತಪಾಸಣೆ.

3ರಿಂದ 6 ತಿಂಗಳಿಗೊಮ್ಮೆ: ಎಚ್‌ಬಿಎ1ಸಿ ಪರೀಕ್ಷೆ. ಇದು ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. ಹೆಚ್ಚಿನವರಿಗೆ 7ರ ಒಳಗೆ ಇರಬೇಕು. ವಯಸ್ಸಾದವರಿಗೆ ಎಷ್ಟಿರಬೇಕೆಂದು ವೈದ್ಯರು ಹೇಳುತ್ತಾರೆ.

ವರ್ಷಕ್ಕೊಮ್ಮೆ: ಮೂತ್ರಪಿಂಡಕ್ಕಾಗಿ ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್, ಕೊಲೆಸ್ಟ್ರಾಲ್, ಕಣ್ಣಿನ ಅಕ್ಷಿಪಟಲದ ಪರೀಕ್ಷೆ.

ಮನೆಯವರಿಗೆ ಒಂದು ಮಾತು

ಮಗ, ಮಗಳು, ಸೊಸೆ, ಯಾರಾದರೂ ಒಬ್ಬರು ಫೈಲಿನ ಜವಾಬ್ದಾರಿ ಹೊರಬೇಕು. ಓದಲು ಬಾರದ ಹಿರಿಯರಿಗೆ ಬೆಳಗಿನ ಗುಳಿಗೆ ಒಂದು ಡಬ್ಬಿಯಲ್ಲಿ, ರಾತ್ರಿಯದು ಬೇರೆ ಡಬ್ಬಿಯಲ್ಲಿ ಹಾಕಿಡಿ. ಆಶಾ ಕಾರ್ಯಕರ್ತೆಯರ ಪರಿಚಯವಿರಲಿ. 30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ., ಸಕ್ಕರೆ ತಪಾಸಣೆ ಉಚಿತ.

ಹೆಚ್ಚಿನ ಚಿಕಿತ್ಸೆಗೆ ಹಾವೇರಿ, ಹುಬ್ಬಳ್ಳಿಗೆ ಕಳಿಸಿದರೆ ವೈದ್ಯರ ಪತ್ರವಿಲ್ಲದೆ ಹೋಗಬೇಡಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ತುರ್ತು ಸಂದರ್ಭ ಬಿಟ್ಟರೆ, ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ.

ಎದೆ ಒತ್ತಿದಂತಾದರೆ, ಬಾಯಿ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ ಕುಟುಂಬ ವೈದ್ಯರಿಗಾಗಿ ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ಹೊರಡುವಾಗ ಫೈಲನ್ನೂ ಜೊತೆಗೆ ತನ್ನಿ.

ಹೊಲದ ಲೆಕ್ಕ, ಸಂಘದ ಲೆಕ್ಕ ನಾವು ತಪ್ಪದೆ ಇಡುತ್ತೇವೆ. ಶರೀರದ ಲೆಕ್ಕವನ್ನೂ ಹಾಗೆಯೇ ಇಟ್ಟರೆ ಕಾಯಿಲೆ ಇದ್ದರೂ ಬಹಳ ವರ್ಷ ದುಡಿದು ಉಣ್ಣಬಹುದು. ಇಂದು ಮನೆಗೆ ಹೋದ ಕೂಡಲೇ ಆ ಕೈಚೀಲ ಸಿದ್ಧಮಾಡಿರಿ.